ಮಹಾಪ್ರಭು ಎಂಬ ಒಂದು ಪದ

ಟ್ರೆಂಟನ್,
1799ನೆಯ ಇಸವಿ ನವೆಂಬರ್ 4

ಪ್ರೀತಿಯ ಅಪೊಲೋನಿಯಾ ಅಕ್ಕನಿಗೆ,

ನಿನ್ನ ತಮ್ಮ ಕಾಸ್ಪರ್ ಮಾಡುವ ವಂದನೆಗಳು. ನಾನಿಲ್ಲಿ ಕ್ಷೇಮ. ನೀನು ಕ್ಷೇಮವೇ ಎಂದು ಕೇಳುವುದು ಪದ್ಧತಿ. ಗಂಡ ಸತ್ತು ಏಳು ವಾರವೂ ತುಂಬದವಳನ್ನು ಹಾಗೆ ಕೇಳಲು ನಾಚಿಕೆಯಾಗಿ ಆ ಸಾಲನ್ನು ಬಿಟ್ಟಿದ್ದೇನೆ.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ತಡವಾದದ್ದಕ್ಕೆ ಕಾರಣ ಹೇಳಿದರೆ ನೆಪ ಎನ್ನುತ್ತೀಯ, ನೆಪವೇ ಎಂದುಕೋ. ಫಿಲಡೆಲ್ಫಿಯಾದಲ್ಲಿ ಹಳದಿ ಜ್ವರವೆಂದು ಸರ್ಕಾರ ಪೆಟ್ಟಿಗೆ ಪುಸ್ತಕ ಹೇರಿಕೊಂಡು ಇಲ್ಲಿಗೆ ಓಡಿಬಂದಿದೆ. ಒಂದು ಹೋಟೆಲಿನ ಮಾಳಿಗೆಯಲ್ಲಿ ನಾವು ನಾಲ್ವರು ಗುಮಾಸ್ತರು, ನಮ್ಮೆಲ್ಲರಿಗೂ ಒಂದೇ ಮಸಿಕುಡಿಕೆ. ಕೆಳಗೆ ಹೋಟೆಲಿನಾಕೆ ಈರುಳ್ಳಿ ಹುರಿಯುತ್ತಾಳೆ, ಮೇಲೆ ನಾವು ದೇಶದ ಕಾಗದಗಳ ಮೇಲೆ ಕಣ್ಣೀರು ಸುರಿಸುತ್ತೇವೆ. ನೋಡಿದವರು ದೇಶಭಕ್ತಿ ಎಂದುಕೊಳ್ಳುತ್ತಾರೆ. ಓಡಬಲ್ಲವರೆಲ್ಲ ಜ್ವರಕ್ಕೆ ಹೆದರಿ ಓಡಿದೆವು. ಬೀಗದೊಳಗಿದ್ದವರು ಅಲ್ಲೇ ಉಳಿದರು.

ನಿನ್ನ ಕಾಗದ ಮೇಷ್ಟ್ರ ಅಕ್ಷರದಲ್ಲೇ ಬಂದಿತ್ತು. ಇನ್ನು ಯಾರ ಅಕ್ಷರದಲ್ಲಿ ಬಂದೀತು? ನಮ್ಮ ಮಿಲ್‌ಬಾಕ್‌ನಲ್ಲಿ ಅಚ್ಚಿನ ಕೀರ್ತನೆ ಪುಸ್ತಕ ಓದುವವರು ಮನೆಗೊಬ್ಬರಿದ್ದಾರೆ. ಕೈಬರಹ ಓದಬಲ್ಲವರು, ಬರೆಯಬಲ್ಲವರು ಟೋಬಿಯಾಸ್ ಮೇಷ್ಟ್ರೊಬ್ಬರೇ. ನೀನು ಹೇಳಿದ್ದನ್ನೆಲ್ಲ ಬರೆದಿದ್ದಾರೆ, ಪುಣ್ಯಾತ್ಮರು. ‘ಈ ಮುದುಕನ ಕೈಗೆ ಹುಳ ಬೀಳ, ನನ್ನ ಗಂಡನ್ನ ನುಂಗ್ಕೊಂಡ’ ಎಂದು ನೀನು ಅವರಿಗೇ ಹಾಕಿದ ಶಾಪವನ್ನೂ ಒಂದಕ್ಷರ ಬಿಡದೆ, ದುಂಡಗೆ ಬರೆದು ಕೊನೆಗೊಂದು ಚುಕ್ಕಿ ಇಟ್ಟಿದ್ದಾರೆ. ಇದನ್ನೂ ಅವರೇ ನಿನಗೆ ಓದಿ ಹೇಳುತ್ತಿರಬೇಕು. ಅವರಿಗೂ ನನ್ನ ನಮಸ್ಕಾರ ತಿಳಿಸು.

ನೀನು ಕೇಳಿದ್ದು ಒಂದೇ ಪ್ರಶ್ನೆ. ಭಾವನ ಕ್ಷಮಾದಾನದ ಅರ್ಜಿ ಮೊದಲ ಸಲ ವಾಪಸು ಬಂದದ್ದು ಮೇಷ್ಟ್ರು ಬರೆದ ಮಹಾಪ್ರಭು ಎಂಬ ಆ ಪದದಿಂದಲೋ, ಅಲ್ಲವೋ? ಹೌದಾದರೆ ಕ್ರಿಸ್‌ಮಸ್ಸಿಗೆ ಮುಂಚೆ ಮೇಷ್ಟ್ರು ಶಾಲೆಮನೆ ಖಾಲಿ ಮಾಡಬೇಕು, ಅಲ್ಲವಾದರೆ ಉಳಿಯಬಹುದು ಎಂದು ಚರ್ಚಿನ ಹಿರಿಯರು ತೀರ್ಮಾನವನ್ನು ನಿನಗೆ ಬಿಟ್ಟಿದ್ದಾರೆ. ನೀನು ನನಗೆ ಬಿಟ್ಟಿದ್ದೀಯ. ನಮ್ಮ ಕಚೇರಿಯಲ್ಲೂ ಕಾಗದಗಳು ಹೀಗೆಯೇ ಇಳಿದಿಳಿದು ಕೊನೆಗೆ ಗುಮಾಸ್ತನ ಮೇಜಿಗೇ ಬರುತ್ತವೆ.

ಕಿಟಕಿ ಎಣಿಸಿ ಮನೆ ತೆರಿಗೆ ಹಾಕಲು ಬಂದವನ ನೆತ್ತಿಗೆ ಮಾಳಿಗೆಯಿಂದ ಕುದಿನೀರು ಸುರಿದವಳು ನೀನು. ಸುರಿದವನು ನಾನೇ ಎಂದು ಎರಡು ವರ್ಷಕ್ಕೆ ಜೈಲು ಸೇರಿದವನು ಯೋಸ್ಟ್ ಭಾವ. ಜುಲೈನಲ್ಲಿ ಒಮ್ಮೆ ಫಿಲಡೆಲ್ಫಿಯಾದ ಸೆರೆಮನೆಗೆ ಹೋಗಿ ಅವನನ್ನು ನೋಡಿದ್ದೆ, ನಿನಗೆ ಬರೆದಿರಲಿಲ್ಲ. ಗಡ್ಡ ಎದೆಯವರೆಗೆ ಬಂದಿತ್ತು, ನಾಲಿಗೆ ಮಾತ್ರ ಮೊದಲಿನಷ್ಟೇ ಉದ್ದ.

“ಏನೋ ಮಸಿಗರಿ ಮೂಸೋನೆ, ನಿನ್ನ ರಾಜ ಹೆಂಗವ್ನೆ?” ಎಂದ.

“ರಾಜ ಅಲ್ಲ ಭಾವ, ಅಧ್ಯಕ್ಷರು.”

“ಬೀಗ ಅವಂದು, ಕೀಲಿಕೈ ಅವನ ತಾವ ಐತೆ. ನೀನು ಏನಾರ ಕರ್ಕೊ, ನಾನು ಮಾತ್ರ ಬಾಗಿಲು ತೆಗೆದೋನ್ನ ಮಾಪ್ರಭು ಅಂತೀನಿ.”

ಕಾವಲುಗಾರ ನಕ್ಕ. ನನಗೆ ನಗು ಬರಲಿಲ್ಲ. ಭಾವನಿಗೆ ಹೇಗೆ ತಿಳಿಸುವುದು? ಹತ್ತು ವರ್ಷದ ಹಿಂದೆ ನ್ಯೂಯಾರ್ಕಿನಲ್ಲಿ ನಾನು ನಕಲು ಬರೆಯುವವನಾಗಿ ಸೇರಿದ ಹೊಸದರಲ್ಲಿ, ಮೇಲ್ಮನೆಯ ಹಿರಿಯರು ಹೊಸ ಅಧ್ಯಕ್ಷರಿಗೆ ಬಿರುದು ಹುಡುಕುತ್ತ ವಾರಗಟ್ಟಲೆ ಜಗಳವಾಡಿದ್ದರು. ಘನತೆವೆತ್ತ, ಮಹಿಮೆಹೊತ್ತ ಎಂದು ಒಂದಕ್ಕಿಂತ ಒಂದು ಉದ್ದ. ಕೊನೆಗೆ ಉಳಿದದ್ದು ಬರೀ ಮಿಸ್ಟರ್ ಪ್ರೆಸಿಡೆಂಟ್. ಲಾಳ ಹೊಡೆಯುವವನೂ ಮಿಸ್ಟರ್, ದೇಶ ಆಳುವವನೂ ಮಿಸ್ಟರ್. ಆಗ ನಾನೊಂದು ಜೋಡಿಸಾಲು ಕಟ್ಟಿದ್ದೆ, ಕಚೇರಿಯಲ್ಲಿ ಈಗಲೂ ಹೇಳುತ್ತಾರೆ:

ಬಿರುದು ಕೊಟ್ಟರೆ ಕಿರೀಟ ಕೇಳುತ್ತಾನೆ,
ಕಿರೀಟ ಕೊಟ್ಟರೆ ಕೊರಳನ್ನೇ ಕೇಳುತ್ತಾನೆ.

ಆ ಮೊದಲ ಅಧ್ಯಕ್ಷರು ಎರಡು ಅವಧಿ ಕುರ್ಚಿಯಲ್ಲಿ ಕೂತು, ಯಾರೂ ತಳ್ಳದೆ ತಾವೇ ಎದ್ದು ಹೋದರು. ಹಾಗೆ ಏಳಬೇಕೆಂದು ಎಲ್ಲೂ ಬರೆದಿರಲಿಲ್ಲ. ಹೆಂಡದ ತೆರಿಗೆಗೆ ದಂಗೆ ಎದ್ದು ಗಲ್ಲಿಗೆ ಗುರಿಯಾದವರನ್ನು ಕ್ಷಮಿಸಿದರು, ಕ್ಷಮಿಸಬೇಕೆಂದೂ ಬರೆದಿರಲಿಲ್ಲ. ಅವರು ಇಟ್ಟ ಹೆಜ್ಜೆಯೇ ಅವರ ನಂತರದವರಿಗೆ ದಾರಿ. ಆದ್ದರಿಂದ ಭಾವನಿಗೂ ಕ್ಷಮೆ ಸಿಕ್ಕೇ ಸಿಗುತ್ತದೆಂದು ನನಗೆ ನಂಬಿಕೆಯಿತ್ತು.

ಆಗಸ್ಟ್ ಆರಕ್ಕೆ ಅರ್ಜಿ ಬಂತು. ಜರ್ಮನ್ ಅರ್ಜಿಗಳನ್ನು ಇಂಗ್ಲಿಷಿಗೆ ತರುವುದು ನನ್ನ ಮೇಜಿನ ಕೆಲಸವೆಂದು ನಿನಗೆ ಗೊತ್ತು. ‘ಪರಮಕೃಪಾಳು ಮಹಾಪ್ರಭುಗಳ ಪಾದಪದ್ಮಗಳಿಗೆ, ಧೂಳಿಗಿಂತ ಕೀಳಾದ ದಾಸಿ ಅಪೊಲೋನಿಯಾ’ ಎಂದು ಶುರುವಾಗಿತ್ತು. ಮೇಷ್ಟ್ರ ತಾತ ಹಡಗಿನಲ್ಲಿ ತಂದ ಪತ್ರ ಬರೆಯುವ ಪುಸ್ತಕದಿಂದ ಇಳಿಸಿದ್ದು. ರೈನ್ ನದಿಯ ದಡದಲ್ಲಿ ದೊರೆಗೆ ಹಾಗೆ ಬರೆಯದಿದ್ದರೆ ಬಾಗಿಲ ಬಳಿಯೇ ಛಡಿಯೇಟು. ಅದನ್ನೇ ನನಗೂ ನಿನಗೂ ಅವರು ಬಾಯಿಪಾಠ ಮಾಡಿಸಿದ್ದರಲ್ಲ. ರಾಜನೇ ಇಲ್ಲದ ದೇಶದ ಕಚೇರಿಗೆ ಅದು ಬಂದರೆ ಏನಾಗುತ್ತದೆ? ‘ಸಂಬೋಧನೆ ಸರಿಯಿಲ್ಲ, ತಿದ್ದಿ ಕಳುಹಿಸಿ’ ಎಂಬ ಒಂದು ಸಾಲಿನೊಂದಿಗೆ ವಾಪಸಾಯಿತು.

ನಿಮಗೆ ಅದು ತಲುಪುವಾಗ ಕೊಯ್ಲಿನ ಕಾಲ, ಕುದುರೆಗಾಗಲಿ ಆಳಿಗಾಗಲಿ ಬಿಡುವಿಲ್ಲ. ತಿದ್ದಿದ ಅರ್ಜಿ ಹೊರಟು, ಖಾಲಿಯಾದ ಫಿಲಡೆಲ್ಫಿಯಾಕ್ಕೆ ಹೋಗಿ, ಅಲ್ಲಿಂದ ಸುತ್ತಿ ಟ್ರೆಂಟನ್‌ಗೆ ಬಂದದ್ದು ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ. ಭಾವ ಹತ್ತೊಂಬತ್ತರಂದೇ ಹಳದಿಯಾಗಿ ಸತ್ತಿದ್ದ. ಸುಣ್ಣ ಸುರಿದು ಹೂಳಿದರಂತೆ. ಸೆರೆಮನೆಯಿಂದ ನಮಗೆ ಸತ್ತವರ ಪಟ್ಟಿ ಬರುವ ಮೊದಲೇ, ಅಕ್ಟೋಬರ್ ಹದಿನಾಲ್ಕಕ್ಕೆ, ಕ್ಷಮಾದಾನಕ್ಕೆ ಸಹಿ ಬಿದ್ದಿತ್ತು.

ನಮ್ಮ ಹಿರಿಯ ಗುಮಾಸ್ತ ಆಬ್ನರ್ ಸ್ಟೋಕ್ಸ್ ಅವರನ್ನು ಕೇಳಿದೆ: “ಸತ್ತೋದವನ ಕಾಗದ ಏನ್ ಮಾಡ್ಲಿ ಸಾರ್?”

“ಮುದ್ರೆ ಬಿದ್ದಿದೆಯಾ?”

“ಬಿದ್ದಿದೆ.”

“ಹಾಗಾದ್ರೆ ಕಳ್ಸಿ. ಬದುಕಿದ್ದವರಿಗೆ ಮಾತ್ರ ಅಂತ ಎಲ್ರೀ ಬರೆದಿದೆ? ಅವನ ಹೆಂಡ್ತಿ ಗೋಡೆಗೆ ಹಾಕ್ಕೋತಾಳೆ.”

ಅದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಮುದ್ರೆಯ ಅರಗು ಒಡೆಯದಂತೆ ತೆಗೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಅರ್ಜಿಯನ್ನು ವಾಪಸು ಮಾಡಿದವರ ಹೆಸರು ಹೇಳುವ ಪದ್ಧತಿ ಕಚೇರಿಯಲ್ಲಿಲ್ಲ. ಆದರೆ ಕಾರಣ ಆ ಪದವೇ. ಅದನ್ನು ಬರೆದವರು ಮೇಷ್ಟ್ರು. ಹಳಬರು, ಬೇಕೆಂದು ಮಾಡಿದ್ದಲ್ಲ. ಹಿರಿಯರಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದ್ದೇನೆ.

ಬಾರ್ಬೆಲ್‌ಗೂ ಪುಟ್ಟ ವೆಂಡೆಲ್‌ಗೂ ಮಾವನ ಆಶೀರ್ವಾದ. ಹೊಲ ಹಸಿರಾಗಲಿ, ಮನೆ ಬೆಚ್ಚಗಿರಲಿ, ದೇವರು ನಿನ್ನ ಕಣ್ಣೊರೆಸಲಿ.

ನಿನ್ನ ತಮ್ಮ,
ಕಾಸ್ಪರ್

ಮರೆತ ಮಾತು: ಮೇಷ್ಟ್ರೇ, ಇಲ್ಲಿಂದ ಮುಂದಿನದನ್ನು ಗಟ್ಟಿಯಾಗಿ ಓದಬೇಡಿ.

ಈ ಬೇಸಿಗೆಯಲ್ಲಿ ನಮ್ಮ ಕಡೆಯಿಂದ ಹನ್ನೆರಡು ಅರ್ಜಿಗಳು ಬಂದವು. ಹನ್ನೆರಡರಲ್ಲೂ ಮಹಾಪ್ರಭುವೇ; ಒಬ್ಬನಂತೂ ಅಧ್ಯಕ್ಷರನ್ನು ಸೂರ್ಯನಿಗೆ ಹೋಲಿಸಿದ್ದ. ಹನ್ನೊಂದನ್ನು ನಾನು ಇಂಗ್ಲಿಷಿಗೆ ತರುವಾಗ ಮಿಸ್ಟರ್ ಪ್ರೆಸಿಡೆಂಟ್ ಎಂದು ಬರೆದು ಮೇಲಕ್ಕೆ ಕಳಿಸಿದೆ. ಎರಡು ನಿಮಿಷದ ಕೆಲಸ. ಆ ಹನ್ನೊಂದು ಜನರೂ ಆಗಸ್ಟ್ ಮುಗಿಯುವುದರೊಳಗೆ ಮನೆ ಸೇರಿದರು. ಹನ್ನೆರಡನೆಯದರ ಕೆಳಗೆ ಅಕ್ಕ ಹಾಕಿದ ಶಿಲುಬೆಯ ಗುರುತಿತ್ತು. ಅದೇ ಬೆಳಿಗ್ಗೆ ಸ್ಟೋಕ್ಸ್ ನಗುತ್ತ, “ಎಲ್ಲ ನಿಮ್ಮೂರ ಕಡೇವೇ ಬರ್ತಿವೆಯಲ್ರೀ, ನಿಮ್ಮ ನೆಂಟರೂ ಇದಾರೇನು?” ಎಂದಿದ್ದರು. “ನಮ್ಮ ನೆಂಟರಲ್ಲಿ ಅಂಥೋರು ಯಾರೂ ಇಲ್ಲ ಸಾರ್” ಎಂದಿದ್ದೆ. ಹಾಗೆ ಅಂದುಬಿಟ್ಟ ಮೇಲೆ, ನೆಂಟಸ್ತಿಕೆ ಬಯಲಾಗದಿರಲೆಂದು, ಆ ಒಂದು ಅರ್ಜಿಯ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿರಬೇಕೆನಿಸಿತು. ‘ಸಂಬೋಧನೆ ಸರಿಯಿಲ್ಲ’ ಎಂಬ ಸಾಲಿನ ಅಕ್ಷರವನ್ನು ನೀವು ಗುರುತಿಸಿರುತ್ತೀರಿ. ನೀವೇ ಕೈಹಿಡಿದು ತಿದ್ದಿಸಿದ ಅಕ್ಷರ ಅದು. ಗುರುತಿಸಿಯೂ ಅಕ್ಕನಿಗೆ ಹೇಳಲಿಲ್ಲವೆಂದು ನಿಮ್ಮ ಕಾಗದದಿಂದ ತಿಳಿಯಿತು.

ಸಂವಿಧಾನವನ್ನು ಮತ್ತೆ ತೆಗೆದು ಓದಿದೆ. ಅರ್ಜಿ ಹೇಗೆ ಶುರುವಾಗಬೇಕೆಂದು ಅಲ್ಲಿ ಒಂದು ಮಾತೂ ಇಲ್ಲ. ಕ್ಷಮಿಸುವ ಆ ಅಧಿಕಾರಕ್ಕೆ ದೇಶ ಕಟ್ಟಿದವರು ಹಾಕದ ಬೇಲಿಯನ್ನು ಹಾಕಿದವನು ನಾನು.

ಅಕ್ಕನಿಗೆ ಹೇಳುವುದಾದರೆ ಹೇಳಿ. ಹೇಳಿದರೆ ಅವಳು ನಂಬುವುದಿಲ್ಲ. ತನ್ನ ಮನೆ ಉಳಿಸಿಕೊಳ್ಳಲು ಮುದುಕ ಕಾಗದದಲ್ಲಿ ಇಲ್ಲದ್ದನ್ನು ಓದುತ್ತಿದ್ದಾನೆ ಎನ್ನುತ್ತಾಳೆ. ಅದು ಗೊತ್ತಿರುವುದರಿಂದಲೇ ಇಷ್ಟು ಧೈರ್ಯವಾಗಿ ಬರೆದಿದ್ದೇನೆ.