ಅಕ್ಕಣಿಯ ಮನೆಗೆ ಬಾರದ ಹೂವಿನಕೋಲು

ಮನೆಯವರಿಗೆ,

ನಿಮ್ಮ ಹೆಸರು ಹಿಡಿದು ಕರೆದವಳಲ್ಲ ನಾನು. ನೀವಿದ್ದಾಗ ಒಂದು "ಹ್ವಾಯ್" ಸಾಕಿತ್ತು, ಬೇಲಿಯ ಆಚೆಯಿಂದಲೂ ಓಗೊಡುತ್ತಿದ್ದಿರಿ. ಈಗ ಕೂಗಿದರೆ ಊರವರು ನನಗೆ ತಲೆ ಕೆಟ್ಟಿದೆ ಅಂದಾರು, ಹಾಗಾಗಿ ಬರೆಯುತ್ತಿದ್ದೇನೆ. ಕಾಗದದ ಮೊದಲಿಗೆ ಕ್ಷೇಮ ಎಂದು ಬರೆಯಬೇಕು ಅಂತ ಕಲಿಸಿದ್ದು ನೀವೇ. ಮದುವೆಯಾಗಿ ಬಂದಾಗ ನನಗೆ ಅಕ್ಷರವೇ ಬರುತ್ತಿರಲಿಲ್ಲ. ಶಾಲೆಯ ಮಕ್ಕಳು ಮನೆಗೆ ಹೋದ ಮೇಲೆ ಅವರ ಮರಳಿನಲ್ಲೇ ನನ್ನ ಬೆರಳು ಹಿಡಿದು ತಿದ್ದಿಸಿದಿರಿ. ಆದರೆ ಕ್ಷೇಮ ಎಂದು ಸುಳ್ಳು ಬರೆಯಲು ಕೈ ಬರುವುದಿಲ್ಲ. ಇದ್ದೇನೆ, ಅಷ್ಟೆ. ಕೂತು ಬರೆಯುತ್ತಿರುವುದು ಒಂದೇ ಸುದ್ದಿಗಾಗಿ. ಮಂಜನ ತಾಯಿ ಅಕ್ಕಣಿ ಮಾತಾಡಿದಳು. ಸಾಯುವವರೆಗೆ ನೀವು ಯಾವ ಮಾತಿಗೆ ಕಾದಿರೋ, ಆ ಮಾತನ್ನು ಅವಳು ನನ್ನ ಹತ್ತಿರ ಆಡಿದಳು.

ನೀವು ಶಾಲೆಯ ಜಗಲಿಯಲ್ಲಿ ಮೊದಲ ಸಲ ತಾಳ ಹಿಡಿದು ಕೂತ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಯುದ್ಧದ ಕಾಲ ಅದು. ಅಕ್ಕಿ ಸಿಗುತ್ತಿರಲಿಲ್ಲ, ಸಿಕ್ಕಿದ ರೇಷನ್ ಅಕ್ಕಿಯಲ್ಲಿ ಹುಳವೇ ಜಾಸ್ತಿ. ಮಕ್ಕಳು ಶಾಲೆ ಬಿಟ್ಟು ಮರವಂತೆಯ ಹೊಳೆಯಲ್ಲಿ ಚಿಪ್ಪು ಹೆಕ್ಕಲು ಹೋಗುತ್ತಿದ್ದರು. ಮಾಷ್ಟ್ರಿಕೆಗೆ ಸೇರುವ ಮೊದಲು ನೀವು ಯಕ್ಷಗಾನ ಮೇಳದಲ್ಲಿ ತಿರುಗಾಟ ಮಾಡಿದವರಲ್ಲವೇ, ಆ ಹಳೆಯ ಹುಚ್ಚು ಒಳಗೆ ಎಲ್ಲೋ ಬೆಚ್ಚಗೆ ಇತ್ತು. ನವರಾತ್ರಿಗೆ ಮಕ್ಕಳನ್ನು ಕಟ್ಟಿಕೊಂಡು ಹೂವಿನಕೋಲು ತೆಗೆದುಕೊಂಡು ಹೋಗುತ್ತೇನೆ ಎಂದಿರಿ. ಕೋಲಿಗೆ ಹೂ ಸುತ್ತಿ, ಮನೆ ಮನೆಗೆ ಹೋಗಿ, ದೀಪದ ಮುಂದೆ ಎದುರುಬದುರು ಕೂತು ಮಕ್ಕಳು ಪ್ರಸಂಗದ ಮಾತು ಹೇಳುವುದು, ನೀವು ಪದ ಹಾಡುವುದು. ಮನೆಯವರು ಕೊಟ್ಟ ಅಕ್ಕಿ, ಕಾಯಿ ಮಕ್ಕಳಿಗೆ. ಹೊಟ್ಟೆಗೂ ಆಯಿತು, ವಿದ್ಯೆಗೂ ಆಯಿತು ಎಂದು ನಿಮ್ಮ ಲೆಕ್ಕ.

ಮಕ್ಕಳ ಅಪ್ಪಂದಿರು ಜಗಲಿಗೆ ಬಂದು ಜಗಳ ತೆಗೆದದ್ದು ಮರೆತಿಲ್ಲವಷ್ಟೆ? "ಮಾಷ್ಟ್ರೆ, ಮಕ್ಕಳನ್ನ್ ಶಾಲಿಗೆ ಕಳ್ಸೂದ್ ಅಕ್ಷರ ಕಲೂಕೆ. ಆಟ ಕಲ್ತ್ ಮೇಳಕ್ಕೆ ಓಡೂಕಲ್ಲ" ಎಂದರು. ನೀವು ಎಲೆಯಡಿಕೆ ಜಗಿಯುತ್ತಲೇ, "ಶಾಲಿಗ್ ಬಪ್ಪುದೇ ಇಲ್ಲ, ಮತ್ತ್ ಅಕ್ಷರ ಎಲ್ಲಿಂದ ಬತ್ತ್? ಮೊದ್ಲ್ ಬರ್ಲಿ ಕಾಂಬ" ಎಂದಿರಿ. ಬಂದರು. ತಾಳದ ಸದ್ದಿಗೆ ಹೊಳೆಯಿಂದ ಎದ್ದು, ಒದ್ದೆ ಚಡ್ಡಿಯಲ್ಲೇ ಬಂದರು. ಮಗ್ಗಿ ಹೇಳು ಅಂದರೆ ಕಂಬ ನೋಡುವ ಮಕ್ಕಳು ಅಂಗೈ ತಟ್ಟಿ ತಾಳ ಹಾಕುತ್ತ ಮಗ್ಗಿ ಹೇಳತೊಡಗಿದರು. ನಾನು ಬಾಗಿಲ ಹಿಂದೆ ನಿಂತು ಗಂಜಿಗೆ ಉಪ್ಪು ಹಾಕುವುದನ್ನೂ ಮರೆತು ಕೇಳುತ್ತಿದ್ದೆ. ಸಪ್ಪೆ ಗಂಜಿ ಉಂಡರೂ ನೀವು ಬೈಯಲಿಲ್ಲ. ನಿಮ್ಮ ಗಮನವೂ ಎಲೆಯ ಮೇಲೆ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಮಂಜ ಮೊದಲ ದಿನ ಬಾಯಿ ತೆರೆದಾಗ ನೀವು ಒಳಗೆ ಬಂದು, "ಕೇಂಡ್ಯಾ?" ಎಂದು ಕೇಳಿದಿರಿ. ಅವನ ತಂದೆ ಮುಂಬಯಿಯ ಹೋಟೆಲಿನಲ್ಲಿ, ತಾಯಿ ಅಕ್ಕಣಿ ಕಂಡವರ ಗದ್ದೆಯಲ್ಲಿ. ಹುಡುಗನ ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ, ಆದರೆ ಮಾತು! ಎದುರಿನವನು ಏನು ಹೇಳಿದರೂ ನಿಂತ ನಿಲುವಿನಲ್ಲಿ ಉತ್ತರ ಕಟ್ಟುತ್ತಿದ್ದ. ನಮಗೆ ಮಕ್ಕಳಾಗಲಿಲ್ಲ ಎಂಬ ಕೊರಗನ್ನು ನೀವು ಒಂದು ದಿನವೂ ಆಡಿ ತೋರಿಸಿದವರಲ್ಲ. ಆ ಹುಡುಗನ ತಲೆಗೆ ಎಣ್ಣೆ ಹಚ್ಚು ಎಂದು ನನಗೆ ಹೇಳಿದ ದಿನ ಮಾತ್ರ ನಿಮ್ಮ ದನಿ ಬೇರೆ ಇತ್ತು.

ಪ್ರಸಂಗ ಯಾವುದು ಎಂದು ಮದ್ದಳೆಯ ರಾಮಣ್ಣ ಕೇಳಿದಾಗ ನಾನು ಅಲ್ಲೇ ಇದ್ದೆ. ನೀವು ಹೇಳಿದ್ದು ಆ ಬಾಲವೀರನ ಕಾಳಗ. ಹೆಸರು ಬರೆಯುವುದಿಲ್ಲ, ಆಮೇಲೆ ನಮ್ಮ ಊರಿನಲ್ಲಿ ಯಾರೂ ಆ ಹೆಸರನ್ನು ಬಾಯಿಗೆ ತರಲಿಲ್ಲ. ರಾಮಣ್ಣ ಮದ್ದಳೆಯನ್ನು ಪಕ್ಕಕ್ಕಿಟ್ಟ. "ಹ್ವಾಯ್ ಮಾಷ್ಟ್ರೆ, ಮನಿ ಮನಿಗ್ ಹೋಪತಿಗೆ ಮದಿ ಪ್ರಸಂಗ ಹೇಳ್ಕ್. ಸಾಯೂ ಕತಿ ಬ್ಯಾಡ." ಹಬ್ಬದ ದೀಪದ ಮುಂದೆ ದೇವರ ಮದುವೆಯ ಕಥೆ ಹೇಳುವುದು ವಾಡಿಕೆ, ನಿಮಗೂ ಗೊತ್ತಿತ್ತು. "ಸಾಯೂದ್ ಎಲ್ಲಿ ಹೇಳ್ತೊ ಮಾರಾಯ್ರೆ? ಅಬ್ಬಿ ಹತ್ರ ಅಪ್ಪಣಿ ಕೇಂಡ್ ಹೊರಡ್ತ, ಅಬ್ಬಿ ಹೋಯ್ ಬಾ ಅಂತ್ ಹೇಳ್ತ್. ಅಲ್ಲಿಗೇ ಮಂಗಳ" ಎಂದಿರಿ. ತಾಯಿ ಹರಸಿ ಕಳಿಸುವಲ್ಲಿಗೇ ಕಥೆ ನಿಲ್ಲಿಸುವುದು ನಿಮ್ಮ ಉಪಾಯ. ಮದುವೆಯ ಕಥೆಯಲ್ಲಿ ಮಕ್ಕಳಿಗೆ ರುಚಿ ಎಲ್ಲಿ? ಎಳೆಯ ಪ್ರಾಯದವನು ದೊಡ್ಡವರ ನಡುವೆ ಎದ್ದು ನಿಲ್ಲುವ ಕಥೆಯೇ ಅವರಿಗೆ ಬೇಕು ಎಂದು ನಿಮ್ಮ ವಾದ. ವಾದದಲ್ಲಿ ನಿಮ್ಮನ್ನು ಗೆದ್ದವರು ಯಾರಿದ್ದಾರೆ? ರಾಮಣ್ಣ ಮದ್ದಳೆ ಎತ್ತಿಕೊಂಡ.

ನವರಾತ್ರಿಯ ಆ ಬೆಳಿಗ್ಗೆ ಮಕ್ಕಳೆಲ್ಲ ನಮ್ಮ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಒಗೆದ ಅಂಗಿ, ಕೋಲಿಗೆ ಸುತ್ತಿದ ಅಬ್ಬಲಿಗೆ. ಬಿಜೂರಿನ ಕಡೆ ವಾಂತಿಭೇದಿ ಇದೆಯಂತೆ ಎಂಬ ಸುದ್ದಿ ಬಂದಿತ್ತು, ಆದರೆ ಅಂಥ ಸುದ್ದಿ ಪ್ರತಿ ಮಳೆಗಾಲ ಮುಗಿದ ಮೇಲೆ ಬರುವುದೇ. ದೀಪ ಹಚ್ಚಿ ಕಾದ ಮನೆಯನ್ನು ಹೂವಿನಕೋಲು ದಾಟಿ ಹೋಗುವ ಹಾಗಿಲ್ಲ. ಕೊಟ್ಟ ಬೆಲ್ಲ ನೀರು ಕುಡಿಯದೆ ಏಳುವ ಹಾಗಿಲ್ಲ. ಮಕ್ಕಳು ಎಲ್ಲ ಮನೆಯಲ್ಲೂ ಹೇಳಿದರು, ಎಲ್ಲ ಮನೆಯಲ್ಲೂ ಕುಡಿದರು. ಯಾವ ಬಾವಿಯ ನೀರೋ, ಯಾರಿಗೆ ಗೊತ್ತು? ಕೊನೆಯದು ಅಕ್ಕಣಿಯ ಮನೆ, ಮಂಜನ ಆಸೆಯ ಮೇರೆಗೆ ಹಾಗೆ ಇಟ್ಟಿದ್ದಿರಿ. "ಅಬ್ಬಿ ಗದ್ದಿಂದ ಬಂದ್ ಮಿಂದ್ ಕೂಕಣ್ಕ್, ಕಡೀಗೆ ಹೋಪ" ಎಂದಿದ್ದ. ಅವಳು ಸೆಗಣಿ ಸಾರಿಸಿ, ನೆರೆಮನೆಯ ಚಾಪೆ ತಂದು ಹಾಸಿ, ಗೆರಸೆಯಲ್ಲಿ ಅಕ್ಕಿ, ಕಾಯಿ ಇಟ್ಟು, ದೀಪ ಹಚ್ಚಿ ಕೂತಿದ್ದಳು. ಅದಕ್ಕಿಂತ ಮೊದಲಿನ ಮನೆಯಲ್ಲೇ ಮಂಜ ವಾಂತಿ ಮಾಡಿಕೊಂಡ. ನೀವು ಅವನನ್ನು ಹೆಗಲ ಮೇಲೆ ಹಾಕಿಕೊಂಡು ಅವಳ ಅಂಗಳಕ್ಕೆ ಹೋದಿರಿ. ಹಾಸಿದ ಚಾಪೆಯ ಮೇಲೆಯೇ ಅವನನ್ನು ಮಲಗಿಸಿದಿರಿ.

ಕುಂದಾಪುರದ ಡಾಕ್ಟರರು ಹೊಳೆಯ ಆಚೆ. ದೋಣಿಯವನ ಕಾಲಿಗೆ ಬಿದ್ದಿರಂತೆ, ರಾಮಣ್ಣ ಹೇಳಿದ. ಡಾಕ್ಟರರು ಬರುವ ಹೊತ್ತಿಗೆ ಮಂಜ ತಣ್ಣಗಾಗಿದ್ದ. ಇನ್ನೊಬ್ಬ ಹುಡುಗನಿಗೂ ಬಂತು, ಅವನು ಉಳಿದುಕೊಂಡ.

ಊರವರು ಏನೆಂದರು ಎಂದು ನಿಮಗೆ ನಾನು ಹೇಳಬೇಕೇ? ವಾಂತಿಭೇದಿ ಆ ತಿಂಗಳು ಎಷ್ಟೋ ಮನೆಗಳಲ್ಲಿ ದೀಪ ಆರಿಸಿತು, ಆದರೂ ಮಂಜನನ್ನು ಕೊಂದದ್ದು ಮಾತ್ರ ಮಾಷ್ಟ್ರ ಪ್ರಸಂಗ. ಸಾಯುವವನ ಮಾತನ್ನು ಎಳೆ ಬಾಯಲ್ಲಿ ಆಡಿಸಿದರು, ಯಮ ಕೇಳಿಸಿಕೊಂಡ ಎಂದರು. ಕಂಡವರ ಬಾಯಿಗೆ ಬಾಗಿಲಿಲ್ಲ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನೀವು ನಂಬಿದಿರಿ. ನೀರಿನಿಂದ ಬರುವ ರೋಗ ಎಂದು ಪಾಠ ಮಾಡುವ ಮಾಷ್ಟ್ರು, ಬಾವಿಗೆ ಔಷಧ ಹಾಕಿಸಿದ ಮಾಷ್ಟ್ರು, ಒಳಗೊಳಗೆ ಅದನ್ನೇ ನಂಬಿದಿರಿ. ನನಗೆ ಆಗ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ತಾಳವನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಎಸೆದಿರಿ. ಆಮೇಲೆ ನಿಮ್ಮ ಬಾಯಲ್ಲಿ ಒಂದು ಪದವೂ ನಾನು ಕೇಳಲಿಲ್ಲ.

ಶಾಲೆ ಬಿಟ್ಟ ಮೇಲೆ ನೀವು ಅಕ್ಕಣಿಯ ಮನೆಯ ಬೇಲಿಯ ದಾಟು, ಆ ತಡಮೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಿರಿ. ಒಂದು ದಿನ ನಾನೂ ಹಿಂದಿನಿಂದ ಬಂದು ಕಂಡೆ. ಅವಳು ಬಾಗಿಲ ಸಂದಿಯಿಂದ ನೋಡಿದಳು, ಹೊರಗೆ ಬರಲಿಲ್ಲ, ಬೈಯಲೂ ಇಲ್ಲ. ನೀವು ಸ್ವಲ್ಪ ಹೊತ್ತು ನಿಂತು ತಲೆ ತಗ್ಗಿಸಿ ಬಂದಿರಿ. "ಒಂದ್ ಸಲ ಬೈದಿರೂ ಸಾಕಿತ್ತ್ ಮಾರಾಯ್ತಿ. ಅವ್ಳ್ ಬಾಯಿ ಬಿಡೂದಿಲ್ಲೆ" ಎಂದಿರಿ. ಮರುವರ್ಷದ ಮಳೆಗೆ ಚಳಿಜ್ವರ ಹಿಡಿಯಿತು. ಜ್ವರದಲ್ಲೂ ಅದನ್ನೇ ಕೇಳಿದಿರಿ, ಅವಳು ಏನಾದರೂ ಹೇಳಿದಳೋ ಎಂದು. ಕ್ವಿನೈನು ಉಗಿದುಬಿಟ್ಟಿರಿ. ನಾನು ಬೇಡಿಕೊಂಡದ್ದು, ಬೈದದ್ದು... ಹೋಗಲಿ. ನಿಮ್ಮ ತಿಥಿಗೆ ಮೈದುನ ಬಂದು ಪಿಂಡ ಇಟ್ಟರೆ ಕಾಗೆ ಮುಟ್ಟುವುದಿಲ್ಲ. ಪ್ರತಿ ವರ್ಷವೂ ಹೀಗೇ. ತೆಂಗಿನ ಗರಿಯ ಮೇಲೆ ಕೂತು ನೋಡುತ್ತದೆ, ಇಳಿಯುವುದಿಲ್ಲ. "ಎಂತದೋ ಆಸೆ ಉಳ್ದಿತ್ತ್" ಎನ್ನುತ್ತಾರೆ ಎಲ್ಲರೂ. ಎಂತದು ಎಂದು ನನಗೊಬ್ಬಳಿಗೇ ಗೊತ್ತು.

ನೀವು ಹೋದ ಮೇಲೆ ಯುದ್ಧ ನಿಂತಿತು, ಬಿಳಿಯರು ಹೋದರು. ಶಾಲೆಯ ಮುಂದೆ ಬಾವುಟ ಹಾರಿಸಿ ಮಕ್ಕಳಿಗೆ ಕಲ್ಲುಸಕ್ಕರೆ ಹಂಚಿದರು. ಅದು ಊರಿಗೆ ದೊಡ್ಡ ಸುದ್ದಿ, ನನಗಲ್ಲ. ಬ್ರಹ್ಮಾವರದ ಕಡೆಯಿಂದ ಬಂದ ಹೊಸ ಮಾಷ್ಟ್ರು ಒಳ್ಳೆಯವರು, ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸಲು ನನ್ನನ್ನು ಕರೆಯುತ್ತಾರೆ. ಈ ವರ್ಷ ಮಂಜನ ತಂಗಿ ಗಿರಿಜೆ ತಡವಾಗಿಯಾದರೂ ಶಾಲೆಗೆ ಸೇರಿದಳು. ಒಂದು ಮಧ್ಯಾಹ್ನ ಮರಳಲ್ಲಿ ತಿದ್ದುತ್ತ ತಿದ್ದುತ್ತ ಅವಳು ಗುನುಗತೊಡಗಿದಳು. ಬಾಲವೀರ ತಾಯಿಯ ಅಪ್ಪಣೆ ಕೇಳುವ ಪದ, ನೀವು ಕಲಿಸಿದ್ದು, ನಿಮ್ಮದೇ ಎಳೆತ. ಯಾರು ಕಲಿಸಿದ್ದು ಎಂದು ಕೇಳಿದೆ.

"ಅಣ್ಣ ಮನಿಯಂಗೆ ಹೇಳ್ತಿದ್ದ. ನಾ ಮರೆಯುಕಾಗ ಅಂತ್ ಅಬ್ಬಿ ದಿನಾ ದೀಪ ಹಚ್ಚಿದ್ ಮೇಲೆ ನನ್ನತ್ರ ಹೇಳ್ಸತ್ತ್" ಎಂದಳು ಹುಡುಗಿ.

ಅದೇ ಸಂಜೆ ಆ ತಡಮೆ ದಾಟಿ ಒಳಗೆ ಹೋದೆ. ನೀವು ದಾಟದೆ ನಿಂತಿದ್ದ ತಡಮೆ. ಅಕ್ಕಣಿ ಜಗಲಿಯಲ್ಲಿ ಭತ್ತ ಹಸನು ಮಾಡುತ್ತಿದ್ದಳು. ನಾನು ಪೀಠಿಕೆ ಹಾಕಲಿಲ್ಲ. ಅವರು ಬಂದಾಗ ಒಂದು ಮಾತು ಯಾಕೆ ಆಡಲಿಲ್ಲ, ಅಷ್ಟು ಸಿಟ್ಟೇ ಎಂದು ಕೇಳಿದೆ. ಅವಳು ಗೆರಸೆ ಕೆಳಗಿಟ್ಟಳು.

"ಸಿಟ್ಟಾ? ನಂಗೆಂತ ಸಿಟ್ಟ್ ಅಮ್ಮ? ಕಾಲ್ರ ಬಂದ್ ಹೋದ ಮಗು ಅದ್. ಎಲ್ಲಾ ಮನಿಗೂ ಹೂವಿನಕೋಲ್ ಬಂತ್, ನಮ್ಮನಿಗ್ ಒಂದಕ್ಕೆ ಬರ್ಲಿಲ್ಲೆ. ಮಾಷ್ಟ್ರ್ ತಡಮಿ ಹತ್ರ ಬಂದ್ ನಿಂತಾಗಳಿಕೆ, ಇವತ್ತ್ ಹಾಡ್ತ್ರ್, ಇವತ್ತ್ ಹಾಡಿ ಮುಗಸ್ತ್ರ್ ಅಂತ್ ಕಾಯ್ತಿದ್ದೆ. ನಾ ಕೇಣುದ್ ಹ್ಯಾಂಗೆ? ಬಾಗ್ಲಿಗ್ ಬಂದವ್ರ್ ಹಾಡ್ದೆ ಹೋತಿದ್ರ್."

ಕೇಳಿದಿರಾ? ಅವಳು ಮಾತಾಡಲಿ ಎಂದು ನೀವು ಕಾದಿರಿ. ನೀವು ಹಾಡಲಿ ಎಂದು ಅವಳು ಕಾದಳು. ನಡುವೆ ಒಂದು ತಡಮೆ, ಮಕ್ಕಳು ಹಾರಿ ದಾಟುವಂಥದ್ದು. ಇಷ್ಟಕ್ಕೆ ನೀವು ಸತ್ತಿರಲ್ಲ ಎಂದು ಅವಳ ಜಗಲಿಯಲ್ಲೇ ಕೂತು ಅತ್ತೆ. ನೀವು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಈ ನವರಾತ್ರಿಗೆ ಹೂವಿನಕೋಲು ಹಿಡಿದು ಅವಳ ಮನೆಗೆ ಹೋದೆವು. ರಾಮಣ್ಣನ ಬೆರಳು ಗಂಟು ಕಟ್ಟಿದೆ, ಆದರೂ ಮದ್ದಳೆ ಹೊತ್ತು ಬಂದ. ಹೊಸ ಮಾಷ್ಟ್ರಿಗೆ ಪದ ಬಾರದು. ಭಾಗವತಿಕೆ ಯಾರದ್ದು ಎಂದು ನಾನು ಸುತ್ತ ನೋಡಿದರೆ ಅಕ್ಕಣಿ ನನ್ನನ್ನೇ ನೋಡುತ್ತಿದ್ದಾಳೆ. ಗಂಡಸರ ಪದ, ನಾನು ಹೆಂಗಸು, ಅದೂ ಕುಂಕುಮ ಅಳಿಸಿದವಳು. ಮಂಗಳವನ್ನು ನನ್ನ ಬಾಯಲ್ಲಿ ಹಾಡಿಸಬೇಡ, ನಿನ್ನ ಮನೆಗೆ ಒಳ್ಳೆಯದಲ್ಲ ಎಂದೆ. "ನಮ್ಮನಿಗೆ ಇನ್ನೆಂತ ಅಮಂಗಳ ಬಪ್ಪುಕಿತ್ತ್ ಅಮ್ಮ? ಹಾಡಿ" ಎಂದಳು. ಅಟ್ಟದಿಂದ ಇಳಿಸಿದ ನಿಮ್ಮ ತಾಳದ ಕಿಲುಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಂದಿದ್ದೆ. ಬಾಗಿಲ ಹಿಂದೆ ನಿಂತು ಕಲಿತದ್ದು ಅಷ್ಟೂ ಬಂತು.

ಗಿರಿಜೆ ಅಣ್ಣನ ಜಾಗದಲ್ಲಿ ಕೂತು ಅಪ್ಪಣೆ ಕೇಳಿದಳು. ಎದುರಿಗೆ ತಾಯಿಯ ಮಾತು ಹೇಳಬೇಕಿದ್ದ ಹುಡುಗ ಅಕ್ಕಣಿಯ ಮುಖ ಕಂಡು ಗಾಬರಿಯಾಗಿ ಮಾತು ಮರೆತ. ಗಿರಿಜೆ ಇನ್ನೊಮ್ಮೆ ಕೇಳಿದಳು. ರಾಮಣ್ಣನ ಕೈ ಮದ್ದಳೆಯ ಮೇಲೆ ನಿಂತಿತು. ಆಗ ದೀಪದ ಆಚೆಯಿಂದ ಅಕ್ಕಣಿ ಹೇಳಿದಳು, "ಹೋಯ್ ಬಾ ಮಗ." ಅಷ್ಟೇ. ನಾನು ಮಂಗಳ ಹಾಡಿದೆ.

ಗೆರಸೆಯ ಅಕ್ಕಿಯನ್ನು ಮಕ್ಕಳಿಗೆ ಹಂಚಿ, ಒಂದು ಪಾಲನ್ನು ಬೇರೆ ಕಟ್ಟಿ ನನ್ನ ಕೈಗೆ ಕೊಟ್ಟಳು. "ಇದ್ ಮಾಷ್ಟ್ರ ಪಾಲ್. ಆ ವರ್ಷದ್ದ್" ಎಂದಳು. ಅದನ್ನು ಬೇರೆ ಮಡಕೆಯಲ್ಲಿ ಇಟ್ಟಿದ್ದೇನೆ. ಈ ಸಲದ ತಿಥಿಗೆ ಆ ಅಕ್ಕಿಯನ್ನೇ ಬೇಯಿಸಿ ಇಡುತ್ತೇನೆ. ಕಾಗೆ ಕರೆಯುತ್ತ ಅಂಗಳದಲ್ಲಿ ಹೊತ್ತು ಕಳೆಯಲು ನನಗೆ ಪುರುಸೊತ್ತಿಲ್ಲ, ಮಕ್ಕಳು ಪದ ಕಲಿಯಲು ಬರುತ್ತಾರೆ. ತಡಮೆಯ ಹತ್ತಿರ ನಿಲ್ಲಬೇಡಿ. ನೇರ ಇಳಿದು ಬಂದು ಉಂಡು ಹೋಗಿ.