ಹೆಸರು ಕೂಗಿದಾಗ ನಾನು ಎದುರಿಗೇ ಇದ್ದೆ

ಮಾನ್ಯ ನೇಮಕಾತಿ ಅಧಿಕಾರಿಗಳೇ,

ಕಿವಿ ಕೇಳದವರಿಗೆಂದು ಮೀಸಲಿಟ್ಟ ಶಿಕ್ಷಕರ ಹುದ್ದೆಯ ಸಂದರ್ಶನಕ್ಕೆ ತಾವು ನನ್ನನ್ನು ಹೆಸರು ಕೂಗಿಸಿ ಕರೆದಿರಿ. ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಆ ಹುದ್ದೆಗೆ ನಾನು ಅರ್ಹಳೇ ಆಗುತ್ತಿರಲಿಲ್ಲ. ತಾವು ನನ್ನನ್ನು ಗೈರುಹಾಜರು ಎಂದು ಬರೆದುಕೊಂಡಿರಿ. ಸೇಡಂನಿಂದ, ಚಿಂಚೋಳಿಯಿಂದ ಬಂದವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬರುವುದನ್ನು ನಾನು ತಮ್ಮ ಬಾಗಿಲ ಎದುರಿನ ಬೆಂಚಿನ ಮೇಲೆ ಕುಳಿತು ನೋಡುತ್ತಲೇ ಇದ್ದೆ.

ಏಳನೇ ವಯಸ್ಸಿನಲ್ಲಿ ಬಂದ ಜ್ವರ ನನ್ನ ಕಿವಿ ತೆಗೆದುಕೊಂಡು ಹೋಯಿತು, ಮಾತನ್ನು ಮಾತ್ರ ಉಳಿಸಿ ಹೋಯಿತು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತೇನೆ. ತಮ್ಮ ಸಿಪಾಯಿ ಪರದೆಯ ಹಿಂದೆ ನಿಂತು ಕೂಗಿದರೆ ಯಾವ ತುಟಿ ನೋಡಲಿ? ಎಲ್ಲರೂ ಹೋದ ಮೇಲೆ ಅವನು ಹೊರಗೆ ಬಂದ.

“ಮೂರ್ ಸಲ ಕೂಗೀನ್ರಿ, ಎಲ್ಲಿ ಹೋಗಿದ್ರಿ?”

“ಇಲ್ಲೇ ಕುಂತೀನ್ರಿ.”

“ಕುಂತಿದ್ರ ಒಂದ್ ‘ಹಾಂ’ ಅನ್ನಬೇಕಿತ್ತಲ್ರಿ?”

ನಾನು ಒಳಗೆ ಬಂದೆ. ತಾವು ತಲೆ ಎತ್ತಿ, ದಯೆಯಿಂದಲೇ ಇರಬೇಕು, “ನಾವು ಕರದಿದ್ದೇ ಕೇಳಲ್ಲ ಅಂದ್ರ ಮಕ್ಕಳು ಕರದ್ರ ಏನ್ ಮಾಡ್ತೀರಮ್ಮ?” ಎಂದಿರಿ. ಅದರ ಉತ್ತರವನ್ನು ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ.

ಶಹಾಬಾದದಲ್ಲಿ ನಾನು ಅತಿಥಿ ಶಿಕ್ಷಕಿಯಾಗಿ ಕಲಿಸುವ ಶಾಲೆಯ ಗೋಡೆಗೆ ಅಂಟಿಕೊಂಡೇ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕಾರ್ಖಾನೆಗಳಿವೆ. ಯಂತ್ರ ಶುರುವಾದರೆ ಅಲ್ಲಿ ಯಾರ ಕಿವಿಯೂ ಕೆಲಸಕ್ಕೆ ಬರುವುದಿಲ್ಲ. ಉಳಿದ ಶಿಕ್ಷಕರು ಕರೆಂಟ್ ಹೋಗುವುದನ್ನೇ ಕಾಯುತ್ತಾರೆ, ಹೋದಾಗ ಪಾಠ ಮಾಡುತ್ತಾರೆ. ನನ್ನ ತರಗತಿ ಮಾತ್ರ ಕರೆಂಟ್ ಇದ್ದಾಗಲೂ ನಡೆಯುತ್ತದೆ. ಮಕ್ಕಳಿಗೆ ನಾನು ಬೇಕಾದರೆ ಅಂಗೈಯಿಂದ ಬೆಂಚು ಬಡಿಯುತ್ತಾರೆ, ಅದು ನೆಲದ ಮೂಲಕ ನನ್ನ ಕಾಲಿಗೆ ತಿಳಿಯುತ್ತದೆ. ಪ್ರಶ್ನೆಯನ್ನು ಕೈಸನ್ನೆಯಲ್ಲಿ ಕೇಳುತ್ತಾರೆ. ಅದನ್ನು ನಾನೇನೂ ಕಲಿಸಲಿಲ್ಲ. ಕಾರ್ಖಾನೆಯಲ್ಲಿ ಅವರ ಅಪ್ಪ ಅಮ್ಮ ದಿನವಿಡೀ ಮಾತಾಡುವುದು ಹಾಗೆಯೇ. “ಲುಂಬಿನಿ ಟೀಚರ್ ಕ್ಲಾಸಿನ್ಯಾಗ ಯಾರೂ ಒದರಾಂಗಿಲ್ಲ, ಎಲ್ಲಾರೂ ಮಾತಾಡ್ತಾರ” ಎಂದು ಹೆಡ್ ಮಾಸ್ತರರಾದ ಶಾಹನವಾಜ ಸರ್ ಬಂದವರಿಗೆಲ್ಲ ಹೇಳುತ್ತಾರೆ. ಕಾಯಂ ಹುದ್ದೆ ಕೊಡುವ ಅಧಿಕಾರ ಅವರಿಗಿಲ್ಲ, ತಮಗಿದೆ.

ನನ್ನ ಅವ್ವ ಮರೆಮ್ಮ ಆ ಕಾರ್ಖಾನೆಗಳಲ್ಲೇ ಒಂದರಲ್ಲಿ ಪಾಲಿಶ್ ಕೆಲಸ ಮಾಡುತ್ತಾಳೆ. ಅಲ್ಲಿ ಯಾರನ್ನೂ ಹೆಸರು ಹಿಡಿದು ಕೂಗುವ ರೂಢಿಯಿಲ್ಲ. ಕಲ್ಲಿನ ಮೇಲೆ ಹರಿಯುವ ನೀರನ್ನು ಬೊಗಸೆಯಲ್ಲಿ ತೆಗೆದು ಬೇಕಾದವರ ಬೆನ್ನಿಗೆ ಚಿಮುಕಿಸುತ್ತಾರೆ, ಅವರು ತಿರುಗಿ ನೋಡುತ್ತಾರೆ. ಸಂದರ್ಶನದಿಂದ ನೇರವಾಗಿ ಅಲ್ಲಿಗೇ ಹೋಗಿ ನಡೆದದ್ದನ್ನು ಹೇಳಿದೆ. ಅವ್ವನಿಗೆ ಅರ್ಥವೇ ಆಗಲಿಲ್ಲ. ಮತ್ತೊಮ್ಮೆ ಹೇಳಿದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು: “ಯಾಕ, ಆ ಸಾಹೇಬ್ರಿಗಿ ಕೈ ಇದ್ದಿಲ್ಲೇನು?”

ನನಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಂದಿನಿಂದ ಮೈಯೆಲ್ಲ ಜೋಮು ಹಿಡಿದ ಹಾಗಿದೆ. ಊಟ ಮಾಡುತ್ತೇನೆ, ಪಾಠ ಮಾಡುತ್ತೇನೆ, ರುಚಿ ಯಾವುದರದ್ದೂ ತಿಳಿಯುತ್ತಿಲ್ಲ. ಮೀಸಲು ಹುದ್ದೆಗೆ ಸೂಕ್ತ ಅಭ್ಯರ್ಥಿ ಸಿಗಲಿಲ್ಲವೆಂದು ತಮ್ಮ ಕಚೇರಿ ಈಗ ಫಲಕಕ್ಕೆ ನೋಟೀಸು ಹಚ್ಚಿದೆ. ಮುಂದಿನ ನೇಮಕಾತಿಯ ಹೊತ್ತಿಗೆ ನನ್ನ ವಯಸ್ಸು ಮೀರಿರುತ್ತದೆ. ಸೂಕ್ತ ಅಭ್ಯರ್ಥಿ ಸಿಗಲಿಲ್ಲ ಎಂದೇ ತಾವು ಆಗಲೂ ಬರೆಯುತ್ತೀರಿ, ಆಗ ಅದು ನಿಜವೂ ಆಗಿರುತ್ತದೆ.

ಕರುಣೆ ಬೇಡ. ಆ ಸಂದರ್ಶನವನ್ನು ಮತ್ತೆ ನಡೆಸಿ, ನನ್ನನ್ನು ಪ್ರಶ್ನೆ ಕೇಳಿ. ಉತ್ತರ ತಪ್ಪಿದರೆ ನಾನೇ ಎದ್ದು ಹೋಗುತ್ತೇನೆ. ಆದರೆ ಕರೆಯುವಾಗ ತಾವು ಕುರ್ಚಿಯಿಂದ ಎದ್ದು, ಪರದೆ ಸರಿಸಿ, ಒಮ್ಮೆ ಕೈ ಎತ್ತಬೇಕು. ಅಷ್ಟು ದೂರ ಬರುವುದು ಕಷ್ಟವಾದರೆ ಮೇಜಿನ ಮೇಲಿನ ಲೋಟದಿಂದ ನೀರು ಚಿಮುಕಿಸಿದರೂ ಸಾಕು, ನಾನು ತಿರುಗಿ ನೋಡುತ್ತೇನೆ.

ಇಂತಿ,
ತಮ್ಮ ಬಾಗಿಲ ಎದುರಿನ ಬೆಂಚಿನಿಂದ ಇನ್ನೂ ಎದ್ದಿರದ
ಗೈರುಹಾಜರಾದ ಅಭ್ಯರ್ಥಿ
ಲುಂಬಿನಿ, ಶಹಾಬಾದ