ಒಂಬತ್ತನೆಯ ಜಾಡಿ

27 ಆಗಸ್ಟ್ 1978, ಭಾನುವಾರ

ಬೆರಳಿಗೆಲ್ಲ ಸಬ್ಬಸಿಗೆ, ಬೆಳ್ಳುಳ್ಳಿ ವಾಸನೆ. ಆ ಒಂಬತ್ತನೆಯ ಜಾಡಿ ಮಾತ್ರ ತಲೆಯಿಂದ ಇಳಿಯುತ್ತಿಲ್ಲ.

ಈ ವರ್ಷ ಮೋತ್ರಾ ಅತ್ತೆ ಜಾಡಿಗಳ ತಗಡಿನ ಮುಚ್ಚಳ ತಿರುಗಿಸಿ ಬಿಗಿಯುವ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಅವರ ಕಣ್ಣಿಗೆ ಪೊರೆ. ಪೋಲ್ತಾವಾ ಪಟ್ಟಣದ ಡಾಕ್ಟರು ಚಳಿಗಾಲ ಕಳೆದ ಮೇಲೆ ಬನ್ನಿ ಎಂದಿದ್ದಾರೆ. ಇಪ್ಪತ್ತೆರಡು ಜಾಡಿ ಟೊಮೆಟೊಗೆ ಕುದಿಯುವ ಉಪ್ಪುನೀರು ಸುರಿದು, ಮುಚ್ಚಳ ಬಿಗಿದು, ಹಳೇ ಪತ್ರಿಕೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದೆ. ಬಿಸಿ ನಿಧಾನವಾಗಿ ಆರಲೆಂದು ಮಾವನ ಕೋಟು ಹೊದಿಸುವ ಮೊದಲು ಅತ್ತೆ ನೆಲಕ್ಕೆ ಕೂತು ಒಂದೊಂದಕ್ಕೂ ಕಿವಿಗೊಟ್ಟರು.

“ಈ ಒಂಬತ್ತನೇದು ಉಸಿರಾಡ್ತಿದೆ ಕಣೇ.”

“ಒಂದು ಹನೀನೂ ಸೋರಿಲ್ಲ ಅತ್ತೆ. ನಿಮಗೆ ಸುಮ್ನೆ ಅನುಮಾನ.”

“ಹೌದಮ್ಮ, ಕುರುಡಿ ಮಾತು ಯಾರು ಕೇಳ್ತಾರೆ!”

ಸಿಟ್ಟಿನಲ್ಲೇ ಕೋಟು ಹೊದಿಸಿದೆ. ಸಂಜೆ ಎತ್ತಿ ನೋಡಿದರೆ ಆ ಒಂದರ ಕೆಳಗೆ ಮಾತ್ರ ಕಾಸಗಲ ಒದ್ದೆ. ಹಾಗೇ ನೆಲಮಾಳಿಗೆಗೆ ಇಳಿಸಿದ್ದರೆ ಹುಳಿಯೆದ್ದು ಸಿಡಿಯುತ್ತಿತ್ತು. ತಪ್ಪಾಯಿತು ಎಂದೆ.

“ನನ್ನ ಮೊದಲನೇ ವರ್ಷ ನಾಲ್ಕು ಸಿಡಿದ್ವು. ಮತ್ತೆ ಯುದ್ಧ ಬಂತು ಅಂತ ನಿಮ್ಮಾವ ಮಂಚದ ಕೆಳಗೆ ತೂರಿಕೊಂಡಿದ್ರು!”

ಆ ಜಾಡಿಯ ನೀರನ್ನು ಬಸಿದು, ಮತ್ತೆ ಕುದಿಸಿ ಸುರಿದು, ಹೊಸ ಮುಚ್ಚಳ ಬಿಗಿದೆ. ಅತ್ತೆ ಕಿವಿಯಿಟ್ಟು ತಲೆಯಾಡಿಸಿದರು. ನಾನೂ ಕಿವಿಯಿಟ್ಟೆ.

“ನಂಗೇನೂ ಕೇಳಿಸ್ತಿಲ್ಲ.”

“ಒಳ್ಳೇ ಜಾಡೀಲಿ ಏನೂ ಕೇಳಿಸಬಾರದು. ಅಷ್ಟು ಕಲಿಯೋಕೆ ನಂಗೆ ಮೂವತ್ತು ವರ್ಷ ಬೇಕಾಯ್ತು.”

ಕೀಲಿಯನ್ನು ಗೋಡೆಯ ಮೇಲಿನ ಅವರ ಮೊಳೆಗೆ ತೂಗುಹಾಕಲು ಹೋದೆ. “ನಿನ್ನ ಕೈಗೆ ಸಿಗೋ ಕಡೆ ಹಾಕ್ಕೋ” ಎಂದರು.

ಕೀಲಿಯೇನೋ ನನ್ನದಾಯಿತು. ಆ ಕಿವಿಯನ್ನು ಎಲ್ಲಿಂದ ತರಲಿ?